ಗೋಳಿಕುದ್ರುವಿನ ಹನ್ನೆರಡನೇ ಚಿತ್ರ

ಛಾಯಾಗ್ರಾಹಕಿ ಗ್ರೀಷ್ಮಾಳಿಗೆ ಬೇಕಾಗಿದ್ದದ್ದು ಒಂದೇ ಒಂದು ಚಿತ್ರ. ಫಲ್ಗುಣಿ ನದಿಯ ನಡುವಿನ ಗೋಳಿಕುದ್ರು ಎಂಬ ಪುಟ್ಟ ದ್ವೀಪದಲ್ಲಿ ಹಳೆಯ ಗೋಳಿಮರ, ಅಂದರೆ ಆಲದ ಮರವೊಂದಿತ್ತು. ಸಂಜೆಯಾದರೆ ನೂರಾರು ಬೆಳ್ಳಕ್ಕಿಗಳು ಅದಕ್ಕೆ ಮರಳುತ್ತಿದ್ದವು. ಆ ಮರದ ಹನ್ನೊಂದು ತಿಂಗಳ ಹನ್ನೊಂದು ಚಿತ್ರ ಅವಳ ಕೈಯಲ್ಲಿದ್ದವು. ಹನ್ನೆರಡನೆಯದೂ ಸಿಕ್ಕಿದರೆ ಅವಳ ಸ್ವಂತ ಹೆಸರಿನ ಮೊದಲ ಕ್ಯಾಲೆಂಡರ್ ಸೋಮವಾರ ಕೊಟ್ಟಾರದ ಪ್ರೆಸ್ಸಿನಲ್ಲಿ ಅಚ್ಚಾಗುತ್ತದೆ. ಸಿಗದಿದ್ದರೆ ವರ್ಷದ ಓಡಾಟವೆಲ್ಲ ನೀರುಪಾಲು. ಅಂದು ಆದಿತ್ಯವಾರ, ಅಕ್ಟೋಬರಿನ ಗುಡುಗುಮಳೆಯ ಕಾಲ.

ಮಳೆಯ ಲೆಕ್ಕ ಹಾಕಿಕೊಟ್ಟವನು ಅವಳ ಕಾಲೇಜಿನ ಗೆಳೆಯ ಡೆರಿಲ್. ಹದಿನೆಂಟು ದಿನದ ಹಿಂದೆ ದುಬೈಯಿಂದ ರಜೆಯಲ್ಲಿ ಬಂದಿದ್ದ. ಮಳೆಯೇ ಇಲ್ಲದ ಊರಿನಲ್ಲಿ ಕೂತು ಮಳೆಯ ನಕ್ಷೆ ನೋಡುವ ಚಟ ಹಿಡಿಸಿಕೊಂಡ ಪುಣ್ಯಾತ್ಮ. ಶಕ್ತಿನಗರದ ಅವನ ಮನೆಯಲ್ಲಿ ಊರಿನದೊಂದು, ದುಬೈಯದೊಂದು ಎಂದು ಎರಡು ಗಡಿಯಾರ. ಅವುಗಳ ಕೆಳಗೆ ಕೂತು, ಬೆಳಿಗ್ಗೆ ಲ್ಯಾಪ್‌ಟಾಪಿನ ಹವಾಮಾನ ನಕ್ಷೆಯನ್ನು ಗಂಟೆ ಗಂಟೆಗೆ ಸರಿಸಿ ತೋರಿಸಿದ್ದ.

"ನೋಡು, ಮೂರರಿಂದ ನಾಲ್ಕು ಗಂಟೆ ಪೂರ್ತಿ ಕೆಂಪು. ಅಂದ್ರೆ ಜೋರು ಮಳೆ. ನಾಲ್ಕರ ಮೇಲೆ ಪಶ್ಚಿಮದಲ್ಲಿ ಮೋಡವೇ ಇಲ್ಲ. ಬಿಸಿಲು ಓರೆಯಾಗಿ ಮರಕ್ಕೆ ಬೀಳ್ತದೆ."

ಆ ನಕ್ಷೆಯ ಫೋಟೋವನ್ನೇ ಫೋನಿಗೆ ಹಾಕಿಕೊಂಡು ಇಬ್ಬರೂ ಮೂರಕ್ಕೇ ದೋಣಿ ಹತ್ತುವ ಕಡವಿಗೆ ಬಂದು ಕೂತರು. ನಾಲ್ಕಾಯಿತು. ಆಕಾಶ ಕಪ್ಪಿಟ್ಟಿತ್ತು, ಹನಿ ಮಾತ್ರ ಬೀಳಲಿಲ್ಲ.

"ಮಳೆ ನಮ್ಮನ್ನು ಬಿಟ್ಟು ಆಚೆ ಹೋಯ್ತು. ಹೊರಡುವ," ಎಂದ ಡೆರಿಲ್.

ದೋಣಿಯ ಶುಕೂರ್ ಅರವತ್ತರ ಮನುಷ್ಯ, ಇದೇ ಹೊಳೆಯಲ್ಲಿ ಚಿಪ್ಪುಮೀನು ಹೆಕ್ಕಿ ಬದುಕಿದವರು. "ಬಾರದ ಮಳೆ ಹೋಗುವುದು ಹೇಗೆ ಮಾರಾಯ?" ಎಂದು ಕೇಳಿದರು.

ಗ್ರೀಷ್ಮಾಳಿಗೂ ಅಳುಕಿತ್ತು. ಆದರೆ ಅವಳ ಕಣ್ಣೆದುರು ಇದ್ದದ್ದು ಸೋಮವಾರ. "ಹೋಗುವ ಶುಕೂರಾಕ," ಎಂದಳು.

ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬೇರುಗಳು ಎರಡೂ ಬದಿಯಲ್ಲಿ ಕೆಸರಿನೊಳಗೆ ಕಾಲೂರಿ ನಿಂತಿದ್ದವು. ಉಬ್ಬರದ ನೀರು ಅವುಗಳ ಮೊಣಕಾಲಿನವರೆಗೆ ಏರಿತ್ತು. ದೂರದಲ್ಲಿ ಹೆದ್ದಾರಿಯ ಲಾರಿಗಳ ಸದ್ದು, ಇಲ್ಲಿ ಹುಟ್ಟು ನೀರಿಗೆ ಬೀಳುವ ಸದ್ದು. ಎದುರಿಗೆ ಗೋಳಿಮರ, ಹಕ್ಕಿಗಳು ಇನ್ನೂ ಬಾರದೆ ಬರಿದಾಗಿ. ಶುಕೂರ್ ಹಗ್ಗವನ್ನು ಅದರ ಬೇರಿಗೇ ಕಟ್ಟಿದರು. ಗಂಟೆ ನಾಲ್ಕೂವರೆ.

ಆಗ ಗಾಳಿ ನುಗ್ಗಿತು.

ನದಿ ಒಮ್ಮೆಲೇ ಬೆಳ್ಳಗಾಯಿತು. ಮಳೆ ಅಡ್ಡಡ್ಡ ಹೊಡೆಯಿತು. ಆಚೆ ದಡ ಕಾಣೆಯಾಯಿತು. ಗ್ರೀಷ್ಮಾ ಕ್ಯಾಮೆರಾವನ್ನು ಶುಕೂರರ ಥರ್ಮಾಕೋಲ್ ಮೀನಿನ ಪೆಟ್ಟಿಗೆಯೊಳಗೆ ತುರುಕಿ ಮುಚ್ಚಳದ ಮೇಲೆ ಬೋರಲು ಬಿದ್ದಳು.

"ನಾಲ್ಕಕ್ಕೆ ಮುಗಿಯಬೇಕಿತ್ತು," ಎಂದು ಡೆರಿಲ್ ಹೇಳುತ್ತಲೇ ಇದ್ದ, ಮಳೆಗೆ ಬುದ್ಧಿ ಹೇಳುವವನ ಹಾಗೆ.

ದ್ವೀಪದ ಅಂಚಿನಿಂದ ಮರಳು ಜಾರುವ ಸದ್ದು ಬಂತು. ಶುಕೂರ್ ತಲೆಯೆತ್ತಿದರು. ಮರುಕ್ಷಣ ಕತ್ತಿ ಹಗ್ಗದ ಮೇಲೆ ಬಿತ್ತು.

"ತಳ್ಳು, ತಳ್ಳು!"

ಡೆರಿಲ್ ಹುಟ್ಟನ್ನು ದಡಕ್ಕೆ ಒತ್ತಿದ. ದೋಣಿ ನಾಲ್ಕು ಮಾರು ಸರಿದಿತ್ತಷ್ಟೆ. ಗೋಳಿಮರ ಬುಡಸಮೇತ ಎದ್ದು, ತುಸು ಯೋಚಿಸಿದಂತೆ ನಿಂತು, ಅವರು ಇದ್ದ ಜಾಗಕ್ಕೇ ಉರುಳಿತು. ಎದ್ದ ಅಲೆ ದೋಣಿಯನ್ನು ಎತ್ತಿ ಕಾಂಡ್ಲಾ ಗಿಡಗಳ ನಡುವೆ ಎಸೆಯಿತು.

ಮೂವರೂ ಒಂದು ಗಂಟೆ ಕೊಂಬೆಗಳನ್ನು ಅವುಚಿ ಹಿಡಿದು ಕೂತರು. ಸಾವು ಹಗ್ಗದಷ್ಟು ಹತ್ತಿರ ಬಂದು ಹೋಗಿತ್ತು. ಅದರ ನಡುವೆಯೂ ಗ್ರೀಷ್ಮಾಳಿಗೆ ಕ್ಯಾಲೆಂಡರಿನ ಕತೆ ಮುಗಿಯಿತು ಎಂಬ ಸಂಕಟ ಬಂತು. ಅದಕ್ಕೆ ಅವಳಿಗೇ ನಾಚಿಕೆಯಾಯಿತು.

ಐದೂವರೆಗೆ, ನಲ್ಲಿ ತಿರುಗಿಸಿದ ಹಾಗೆ, ಮಳೆ ನಿಂತಿತು. ಪಶ್ಚಿಮದ ಮೋಡ ಸರಿದು ಬಿಸಿಲು ಓರೆಯಾಗಿ ಕುದ್ರುವಿನ ಮೇಲೆ ಬಿತ್ತು. ಬೆಳಿಗ್ಗೆಯ ನಕ್ಷೆಯಲ್ಲಿ ಕಂಡ ಹಾಗೆಯೇ.

ಆಮೇಲೆ ಬೆಳ್ಳಕ್ಕಿಗಳು ಬಂದವು. ಮರವಿದ್ದ ಜಾಗದ ಸುತ್ತ, ಕೊಂಬೆಗಳಿದ್ದ ಅದೇ ಎತ್ತರದಲ್ಲಿ, ಸುತ್ತಿದವು. ಮತ್ತೆ ಮತ್ತೆ ಸುತ್ತಿದವು. ಗ್ರೀಷ್ಮಾಳ ಕಣ್ಣು ತುಂಬಿತು.

"ಪೆಟ್ಟಿಗೆ ತೆಗೀರಿ, ಒದ್ದೆಯಾಗದ್ದು ಅದೊಂದೇ ಉಂಟು," ಎಂದರು ಶುಕೂರ್.

ಬಿದ್ದ ಮರದ, ಮೇಲೆದ್ದು ನಿಂತ ಬೇರಿನ ಮೇಲೆ ಮೊದಲ ಹಕ್ಕಿ ಇಳಿಯಿತು. ಹಿಂದೆಯೇ ನೂರಾರು. ಮಣ್ಣು ಮೆತ್ತಿದ ಆ ಬೇರುಗಳೆಲ್ಲ ಬಿಳಿಯಾದವು. ಅವಳು ಕ್ಲಿಕ್ಕಿಸಿದಳು. ಐದು ಗಂಟೆ ಐವತ್ತೆರಡು ನಿಮಿಷ.

ಹುಟ್ಟು ಒಂದೇ ಉಳಿದಿತ್ತು. ಸರದಿಯಲ್ಲಿ ಹಾಕುತ್ತ ಕಡವು ಮುಟ್ಟುವಾಗ ಅಂಗೈಗಳಲ್ಲಿ ಬೊಬ್ಬೆ ಎದ್ದಿತ್ತು. ಗ್ರೀಷ್ಮಾ, ಡೆರಿಲ್ ಇಬ್ಬರೂ ಕೆಸರಿನ ಕಾಲಲ್ಲೇ ಡೆರಿಲ್‌ನ ಮನೆಗೆ ಬಂದರು. ಅವನ ತಾಯಿ ಎವ್ಲಿನ್ ಟವೆಲ್ ಕೊಟ್ಟು, ಕತೆ ಕೇಳಿ, ಎದೆಗೆ ಶಿಲುಬೆ ಗುರುತು ಮಾಡಿಕೊಂಡರು.

"ನಕ್ಷೆ ಸುಳ್ಳು ಮಮ್ಮಿ, ಒಂದೂವರೆ ಗಂಟೆ ತಪ್ಪು," ಎಂದ ಡೆರಿಲ್.

ಎವ್ಲಿನ್ ಗೋಡೆಯ ಗಡಿಯಾರಗಳನ್ನು ನೋಡಿದರು. ಊರಿನದು ಏಳೂವರೆ, ದುಬೈಯದು ಆರು. ಮೇಜಿನ ಮೇಲೆ ತೆರೆದಿದ್ದ ಲ್ಯಾಪ್‌ಟಾಪಿನ ಮೂಲೆಯನ್ನು ನೋಡಿದರು. ಅಲ್ಲಿಯೂ ಆರು.

"ನೀನು ಬಂದು ಹದಿನೆಂಟು ದಿನ ಆಯ್ತು. ನಿನ್ನ ಲ್ಯಾಪ್‌ಟಾಪ್ ಇನ್ನೂ ಊರಿಗೆ ಬರಲಿಲ್ಲ ಅಲ್ಲವಾ?"

ಡೆರಿಲ್ ಕುಸಿದು ಕೂತ. ನಕ್ಷೆ ನಿಮಿಷಕ್ಕೆ ಸರಿಯಾಗಿ ನಿಜವನ್ನೇ ಹೇಳಿತ್ತು, ದುಬೈಯ ಗಂಟೆಯಲ್ಲಿ. "ನಾನು ನಿನ್ನನ್ನು ಕೊಂದೇಬಿಡ್ತಿದ್ದೆ ಗ್ರೀಷ್ಮಾ," ಎಂದ.

ಅವಳಿಗೆ ಸಿಟ್ಟು ನಿಜಕ್ಕೂ ಇತ್ತು. ಆದರೂ ಕ್ಯಾಮೆರಾದ ಪರದೆ ತೆರೆದು ಅವನ ಮುಂದೆ ಹಿಡಿದಳು. ಇಬ್ಬರೂ ಬಹಳ ಹೊತ್ತು ನೋಡಿದರು.

ಅಕ್ಟೋಬರ್ ಪುಟದಲ್ಲಿ ಆ ಚಿತ್ರ ಅಚ್ಚಾಯಿತು. ಛಾಯಾಗ್ರಾಹಕಿಯ ಹೆಸರಿನ ಪಕ್ಕದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ, ಹಗ್ಗ ಕಡಿದ ಶುಕೂರರ ಹೆಸರು. ಕೆಳಗೆ ಒಂದು ಸಾಲು: ಸಂಜೆ ಐದು ಐವತ್ತೆರಡು, ಊರಿನ ಗಂಟೆ.