ನೀಲಿ ಪ್ಲೇಟಿನ ಕೊನೆಯ ಸುತ್ತು

ಮಾರ್ಚ್ ಹನ್ನೊಂದು, ಮಂಗಳವಾರ, ಬೆಳಿಗ್ಗೆ 10.20. ಠಾಣೆಯ ಮೆಟ್ಟಿಲು ಹತ್ತಿ ಬಂದ ದಂತವೈದ್ಯರು ಚೌಕಾಕಾರದ ಚೀಲವೊಂದನ್ನು ಹಸುಗೂಸಿನ ಹಾಗೆ ಎದೆಗೆ ಅವುಚಿಕೊಂಡಿದ್ದರು. ದೂರು ಬರೆದುಕೊಳ್ಳುವ ರೈಟರ್ ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಏನು ಕಳುವಾಗಿದೆ?"

"ಇದು," ಎಂದು ಅವರು ಚೀಲದಿಂದ ನೀಲಿ ಕವರಿನ ಗ್ರಾಮಫೋನ್ ಪ್ಲೇಟೊಂದನ್ನು ತೆಗೆದು ಮೇಜಿನ ಮೇಲಿಟ್ಟರು.

ರೈಟರ್ ಕನ್ನಡಕ ಸರಿಮಾಡಿಕೊಂಡರು. "ಇಲ್ಲೇ ಇದೆಯಲ್ಲ ಸ್ವಾಮಿ."

"ಕವರು ನಂದು. ಒಳಗಿರೋ ಪ್ಲೇಟು ನಂದಲ್ಲ."

"ಹಾಡು ಬೇರೆನಾ?"

"ಹಾಡು ಅದೇ."

"ಒಡೆದಿದೆಯಾ?"

"ಹೊಚ್ಚ ಹೊಸದು!"

"ಹಳೇದು ತಗೊಂಡು ಹೊಸದು ಇಟ್ಟು ಹೋಗಿದಾನಾ? ಅಂಥ ಕಳ್ಳನ ವಿಳಾಸ ಇದ್ರೆ ಕೊಡಿ, ನಮ್ಮನೇಲೂ ಒಂದು ಹಳೇ ಮಿಕ್ಸಿ ಇದೆ."

ಪೇದೆಗಳು ಕಿಸಕ್ಕನೆ ನಕ್ಕರು. ದಂತವೈದ್ಯರ ಮುಖ ಮಾತ್ರ ಕೆಂಡವಾಯಿತು. ಒಳಕೋಣೆಯಲ್ಲಿದ್ದ ಇನ್ಸ್‌ಪೆಕ್ಟರ್ ಹೊರಗೆ ಬಂದು, ಮಹಿಳಾ ಪೇದೆಗೆ ನೀರು ತರಲು ಹೇಳಿ, ಎದುರಿಗೆ ಕೂತರು. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಅವರು ಕಲಿತದ್ದು ಒಂದೇ ಪಾಠ: ಕಳೆದುಕೊಂಡವನ ಮುಂದೆ ವಸ್ತುವಿನ ಬೆಲೆ ಕಟ್ಟಬಾರದು.

"ನಿಧಾನಕ್ಕೆ ಹೇಳಿ. ನಾನು ಈ ವಿಷಯದಲ್ಲಿ ಹೆಬ್ಬೆಟ್ಟು."

ದಂತವೈದ್ಯರು ಹೇಳಿದರು. ಅದು ನಲವತ್ತು ವರ್ಷದ ಹಿಂದೆ ಇದೇ ಊರಿನ ಇಬ್ಬರು ಹುಡುಗರು ಬಾಡಿಗೆ ತಂದ ಸಿಂಥಸೈಜರ್‌ಗಳಲ್ಲಿ ಮಾಡಿದ ಎಲೆಕ್ಟ್ರಾನಿಕ್ ಸಂಗೀತ. ಆಗಿನ ಪ್ಲೇಟು ಕಾರ್ಖಾನೆ ಮೊದಲು ಒತ್ತಿದ್ದು ಮುನ್ನೂರು ಪ್ರತಿ. ಸಂಗ್ರಾಹಕರು ಮುಗಿಬೀಳುವುದು ಆ ಮೊದಲ ಅಚ್ಚಿಗೆ. ಹೋದ ವರ್ಷ ಬೇರೊಂದು ಕಂಪನಿ ಹಳೆಯ ಟೇಪನ್ನು ಶುದ್ಧ ಮಾಡಿ ಮರುಅಚ್ಚು ತಂದಿತ್ತು. ಈಗ ಕವರಿನೊಳಗೆ ಇದ್ದದ್ದು ಅದು.

"ವ್ಯತ್ಯಾಸ ಹೇಗೆ ಗೊತ್ತಾಯ್ತು?"

ದಂತವೈದ್ಯರು ಜೇಬಿನಿಂದ ಹಲ್ಲು ನೋಡುವ ಪುಟ್ಟ ಕನ್ನಡಿ ತೆಗೆದರು. ಹಾಡಿನ ಗೆರೆಗಳು ಮುಗಿದು ನಡುವಿನ ಚೀಟಿ ಶುರುವಾಗುವ ಮೊದಲು ಬೆರಳಗಲದ ಖಾಲಿ ಜಾಗವಿತ್ತು. "ಪ್ಲೇಟು ಕೊರೆದ ಕುಶಲಕರ್ಮಿ ಇಲ್ಲಿ ಕೈಯಲ್ಲೇ ನಂಬರು ಗೀಚಿದ್ದ. ಪಕ್ಕದಲ್ಲಿ ಒಂದು ಪುಟ್ಟ ಚಿತ್ರ. ಅದು ಗಂಟೆ ಅಂತ ಕೆಲವರ ವಾದ, ದೀಪ ಅಂತ ನನ್ನ ವಾದ. ನಿನ್ನೆ ಫೋಟೋ ತೆಗೆದು ಒಬ್ಬನ ಬಾಯಿ ಮುಚ್ಚಿಸೋಣ ಅಂತ ನೋಡಿದ್ರೆ, ಚಿತ್ರವೇ ಇಲ್ಲ. ಮೆಶಿನ್ ಹೊಡೆದ ನಂಬರು ಮಾತ್ರ."

"ಆದ್ರೂ ಹಾಡು ಅದೇ ತಾನೆ?" ಎಂದು ರೈಟರ್ ಗೊಣಗಿದರು.

"ಹಾಡು ಅದೇ ತಾನೆ ಅನ್ನೋನು ಸಂಗೀತ ಕೇಳ್ಲೇಬಾರದು!"

11.05ಕ್ಕೆ ಎಫ್‌ಐಆರ್ ದಾಖಲಾಯಿತು. 'ಕಳುವಾದ ಸ್ವತ್ತು' ಎಂಬಲ್ಲಿ ರೈಟರ್ ನಿಟ್ಟುಸಿರಿಟ್ಟು ಬರೆದರು: ಪ್ಲೇಟು ಒಂದು, ಹಳೆಯದು.

ದಂತವೈದ್ಯರ ಮನೆ ಮೂರನೇ ಮಹಡಿಯಲ್ಲಿತ್ತು. ಇದ್ದದ್ದು ಅವರೊಬ್ಬರೇ. ಬೀಗ ಒಡೆದಿರಲಿಲ್ಲ, ಕಿಟಕಿಯ ಸರಳು ಬಾಗಿರಲಿಲ್ಲ. ಬಿಸಿಲು ಬಾರದಂತೆ ದಪ್ಪ ಪರದೆ ಎಳೆದಿದ್ದ ಕೋಣೆಯ ಮೂರು ಗೋಡೆಗೂ ಪ್ಲೇಟುಗಳೇ ತುಂಬಿದ್ದವು. ಸ್ಥಳ ಪಂಚನಾಮೆ 11.50ಕ್ಕೆ ಆರಂಭವಾಯಿತು.

ಇನ್ಸ್‌ಪೆಕ್ಟರಿಗೆ ಏನನ್ನಿಸಿತೋ. "ಒಂದ್ಸಲ ಹಾಕಿ, ಕೇಳೋಣ," ಎಂದರು.

ಮರುಅಚ್ಚು ತಿರುಗತೊಡಗಿತು. ಮೊದಲು ಏನೂ ಇಲ್ಲ ಅನ್ನಿಸಿತು. ಆಮೇಲೆ ದೂರದ ಮಹಡಿಯಿಂದ ಲಿಫ್ಟು ಇಳಿದು ಬರುವಂಥ ಒಂದು ಸದ್ದು, ಅದರ ಬೆನ್ನಿಗೆ ಇನ್ನೊಂದು, ಮತ್ತೊಂದು. ಪದವಿಲ್ಲ, ಕಂಠವಿಲ್ಲ. ಪರದೆಯ ಸಂದಿಯಿಂದ ಬಂದ ಒಂದೆಳೆ ಬೆಳಕಿನಲ್ಲಿ ಧೂಳು ಮೇಲೇರುತ್ತಿತ್ತು, ಇಳಿಯುತ್ತಿತ್ತು. ನೀರಿನಡಿ ಕೂತು ಮೇಲಿನ ಊರಿನ ಸಂಚಾರ ಕೇಳಿದಂತಾಗುತ್ತಿತ್ತು. ಇನ್ಸ್‌ಪೆಕ್ಟರಿಗೆ ತಾವು ಇಲ್ಲಿಗೆ ಯಾಕೆ ಬಂದೆವು ಎನ್ನುವುದೇ ಕ್ಷಣಕಾಲ ಮರೆತುಹೋಯಿತು. ಬಾಗಿಲಲ್ಲಿ ನಿಂತಿದ್ದ ಮಹಿಳಾ ಪೇದೆ ಯಾವಾಗಲೋ ಗೋಡೆಗೆ ಒರಗಿದ್ದಳು. ಕೊನೆಯ ಸದ್ದು ಕರಗಿದೊಡನೆ ಸೂಜಿಯ ತೋಳು ಟಕ್ಕೆಂದು ತಾನಾಗಿ ಎದ್ದು, ಪಕ್ಕಕ್ಕೆ ಹೋಗಿ ಕೂತಿತು.

"ಆಟೋಮ್ಯಾಟಿಕ್," ಎಂದರು ದಂತವೈದ್ಯರು, ಹೆಮ್ಮೆಯಿಂದ.

ಅಷ್ಟರಲ್ಲಿ ಇನ್ಸ್‌ಪೆಕ್ಟರ ಫೋನು ಗುಂಯ್‌ಗುಟ್ಟಿತು. "ಊಟಕ್ಕೆ ಬರ್ತೀರೇನು?" ಹೆಂಡತಿ.

"ಬಂದೆ, ಹತ್ತು ನಿಮಿಷ."

ಆ ಹತ್ತು ನಿಮಿಷದ ಉದ್ದ ಎಷ್ಟೆಂದು ಆಕೆಗೆ ಇಪ್ಪತ್ತಾರು ವರ್ಷದಿಂದ ಗೊತ್ತು. "ಆಯ್ತು," ಎಂದಷ್ಟೇ ಹೇಳಿ ಫೋನಿಟ್ಟಳು.

ಪ್ಲೇಟನ್ನು ಕವರಿಗೆ ಹಾಕಲು ಹೋದ ಮಹಿಳಾ ಪೇದೆ ತಡೆದಳು. "ಸರ್, ಇದರ ಒಳಗಿನ ಕವರಿನ ಬಾಯಿ ಮೇಲ್ಗಡೆ ಇದೆ. ಪಕ್ಕದ್ದು ನೋಡಿದೆ, ಅದರ ಬಾಯಿ ಪಕ್ಕಕ್ಕಿದೆ."

ದಂತವೈದ್ಯರು ಬಗ್ಗಿ ನೋಡಿದರು. "ಕಾರ್ಖಾನೆಯಿಂದ ಹೆಂಗೆ ಬಂತೋ ಹಂಗೇ ಇಡೋನು ನಾನು. ತಿರುಗಿಸೋದೇ ಇಲ್ಲ. ಧೂಳು ಹೋಗಬಾರದು, ಪ್ಲೇಟು ಜಾರಬಾರದು ಅಂತ ಹೀಗೆ ತಿರುಗಿಸಿ ಹಾಕೋರು ಇದಾರೆ."

"ಎಲ್ಲಾನೂ ತೆಗೆದು ನೋಡಮ್ಮ," ಎಂದರು ಇನ್ಸ್‌ಪೆಕ್ಟರ್.

ಸಾವಿರದ ಚಿಲ್ಲರೆ ಪ್ಲೇಟುಗಳು. ಪೇದೆಗಳ ಸೊಂಟ ಬಿದ್ದುಹೋಯಿತು. 3.30ರ ಹೊತ್ತಿಗೆ, ಬಾಯಿ ಮೇಲಾಗಿದ್ದ ಒಳಕವರುಗಳು ಒಟ್ಟು ಐದು ಸಿಕ್ಕವು. ಐದನ್ನೂ ಸಾಲಾಗಿ ಇಟ್ಟಾಗ ದಂತವೈದ್ಯರು ಹಣೆ ಹೊಡೆದುಕೊಂಡರು.

"ಈ ಐದನ್ನೇ ಎರಡು ತಿಂಗಳ ಹಿಂದೆ ರೆಕಾರ್ಡ್ ಅಂಗಡೀಲಿ ತೊಳೆಸೋಕೆ ಕೊಟ್ಟಿದ್ದೆ."

ಇನ್ಸ್‌ಪೆಕ್ಟರ್ ಮನೆ ಸೇರಿದಾಗ ಆರು ಗಂಟೆ. ಮಧ್ಯಾಹ್ನದ ತಟ್ಟೆ ಇನ್ನೊಂದು ತಟ್ಟೆ ಮುಚ್ಚಿಸಿಕೊಂಡು ಮೇಜಿನ ಮೇಲೆ ಕಾದಿತ್ತು.

ಬುಧವಾರ, ಮಧ್ಯಾಹ್ನ 2.40. ರೆಕಾರ್ಡ್ ಅಂಗಡಿಯವನು ಪೊಲೀಸರನ್ನು ನೋಡಿ ಬೆವರಿದ. ನೀಲಿ ಪ್ಲೇಟಿನ ಮರುಅಚ್ಚು ತನ್ನ ಅಂಗಡಿಗೆ ಬಂದದ್ದು ನಾಲ್ಕೇ ಪ್ರತಿ ಎಂದ. ಮೂರು ಹೊರಗಿನ ಗಿರಾಕಿಗಳಿಗೆ ಹೋಗಿದ್ದವು.

"ನಾಲ್ಕನೇದು?"

"ನಮ್ಮ ಬ್ರಷ್ ಅಕ್ಕನೇ ತಗೊಂಡ್ರು."

"ಯಾರದು?"

"ಹಿಂದ್ಗಡೆ ಪ್ಲೇಟು ತೊಳೆಯೋರು ಸರ್. ಅವರ ಕೈಗೆ ಕೊಟ್ರೆ ಕೊಳೆ ಪ್ಲೇಟು ಮರುಹುಟ್ಟು ಪಡೆಯುತ್ತೆ. ಚಿನ್ನದಂಥ ಹೆಂಗಸು, ಒಂದು ಹುಲ್ಲುಕಡ್ಡೀನೂ ಮುಟ್ಟಿದವರಲ್ಲ."

ಹಿಂದಿನ ಕೋಣೆಯಲ್ಲಿ ಬ್ರಷ್ ಅಕ್ಕ ತಿರುಗುವ ಪ್ಲೇಟಿನ ಮೇಲೆ ಮೃದುವಾದ ಬ್ರಷ್ ಹಿಡಿದು ನಿಂತಿದ್ದರು. ಅರವತ್ತರ ಆಸುಪಾಸು, ಮೊಣಕೈವರೆಗೆ ಮಡಚಿದ ಅಂಗಿಯ ತೋಳು. ಸಮವಸ್ತ್ರ ಕಂಡು ಅವರು ಬೆಚ್ಚಲಿಲ್ಲ. ಕೈಯಲ್ಲಿದ್ದ ಪ್ಲೇಟನ್ನು ಒರೆಸಿ, ಒಳಕವರಿಗೆ ಹಾಕಿ, ಬಾಯಿ ಮೇಲೆ ಬರುವಂತೆ ತಿರುಗಿಸಿ ಹೊರಕವರಿಗೆ ಇಳಿಸಿದರು. ಇನ್ಸ್‌ಪೆಕ್ಟರ್ ಮತ್ತು ಮಹಿಳಾ ಪೇದೆ ಮುಖ ಮುಖ ನೋಡಿಕೊಂಡರು.

"ನೀಲಿ ಪ್ಲೇಟು ಎಲ್ಲಿದೆ ಅಕ್ಕ?"

"ಮನೇಲಿದೆ. ಹಾಳು ಮಾಡಿಲ್ಲ."

"ಮಾರೋಕೆ ತಗೊಂಡ್ರಾ?"

"ಮಾರೋಕಾ?" ಆಕೆ ನಕ್ಕರು. "ಇಲ್ಲಪ್ಪ."

"ಮತ್ತೆ ಯಾಕೆ?"

"ಬನ್ನಿ, ತೋರಿಸ್ತೀನಿ. ಬಾಯಲ್ಲಿ ಹೇಳಿದ್ರೆ ನೀವು ನಂಬಲ್ಲ."

ಆಕೆಯ ಮನೆ ಒಂದೇ ಕೋಣೆಯದು. ಜಪ್ತಿಗೆ ಸಾಕ್ಷಿ ಹಾಕುವ ಪಂಚರಾಗಿ ಎದುರುಮನೆಯ ದರ್ಜಿ ಮತ್ತು ಔಷಧಿ ಅಂಗಡಿಯವರು ಬಂದರು. ಸ್ವತ್ತು ಗುರುತಿಸಲು ದಂತವೈದ್ಯರನ್ನೂ ಕರೆಸಲಾಯಿತು. ಮಧ್ಯಾಹ್ನ 3.50. ಪ್ಲೇಟು ಕಪಾಟಿನಲ್ಲಿ, ಮಡಚಿದ ಬೆಡ್‌ಶೀಟುಗಳ ನಡುವೆ ನೆಟ್ಟಗೆ ನಿಂತಿತ್ತು. ದಂತವೈದ್ಯರು ಕನ್ನಡಿ ಹಿಡಿದು ನೋಡಿ, "ನಂದೇ. ಇಲ್ಲಿದೆ ನೋಡಿ ದೀಪ," ಎಂದರು.

"ದೀಪ ಅಲ್ಲ ಡಾಕ್ಟ್ರೇ," ಎಂದರು ಬ್ರಷ್ ಅಕ್ಕ. "ಚಹಾ ಲೋಟ."

ದಂತವೈದ್ಯರು ಮತ್ತೆ ಕನ್ನಡಿಯಲ್ಲಿ ಬಗ್ಗಿ ನೋಡಿದರು.

"ಅದನ್ನ ಗೀಚಿದ್ದು ನಮ್ಮೆಜಮಾನ್ರು. ಕಾರ್ಖಾನೇಲಿ ಮಹಡಿ ಮೇಲೆ ಅವರು ಪ್ಲೇಟು ಕೊರೀತಿದ್ರು, ಕೆಳಗೆ ನಾನು ಪ್ಯಾಕಿಂಗು. ದಿನಾ ನಾಲ್ಕು ಗಂಟೆಗೆ ಚಹಾ ಆರ್ತಿದೆ ಅಂತ ನಾನು ಇಂಟರ್‌ಕಾಮಲ್ಲಿ ಕೂಗೋದು. ಅವರು ಒಂದು ಗುಂಡಿ ಒತ್ತಿ ಮೈಕಲ್ಲಿ ಉತ್ತರ ಕೊಡೋರು. ಈ ಪ್ಲೇಟು ಕೊರೆಯೋವಾಗ ಆ ಮೈಕು ಕೊರೆಯೋ ಯಂತ್ರಕ್ಕೂ ಸೇರ್ಕೊಂಡಿತ್ತು. ಇವರು ನೋಡ್ಲಿಲ್ಲ. ಮುನ್ನೂರು ಒತ್ತಿದ ಮೇಲೆ ಗೊತ್ತಾಯ್ತು. ಮಾಲೀಕರು ಬೈದು ಮತ್ತೆ ಕೊರೆಸಿದ್ರು. ಆ ಮುನ್ನೂರು ಮಾತ್ರ ಅಷ್ಟರಲ್ಲಿ ಮಾರಾಟಕ್ಕೆ ಹೋಗಿತ್ತು."

"ಹಾಕಿ," ಎಂದರು ಇನ್ಸ್‌ಪೆಕ್ಟರ್. "ಗುರುತಿನ ಸಲುವಾಗಿ, ಪಂಚರ ಸಮಕ್ಷಮ."

ಮೂಲೆಯಲ್ಲಿ ಕೈಯಿಂದ ಸೂಜಿ ಇಡುವ ಹಳೆಯ ಪ್ಲೇಯರ್ ಇತ್ತು. ಆಕೆ ಎರಡನೇ ಬದಿಯ ಕೊನೆಯ ಹಾಡಿಗೆ ಸೂಜಿ ಇಳಿಸಿದರು. ಅದೇ ಲಿಫ್ಟು, ಅದೇ ನೀರಡಿಯ ಊರು. ಈ ಬಾರಿ ಮಾತ್ರ ಆ ಸದ್ದುಗಳ ನಡುವೆ ಸಣ್ಣದಾಗಿ ಚಿಟಚಿಟ ಎನ್ನುತ್ತಿತ್ತು. ಬಟ್ಟೆ ಒಣಗಿಸಿದ್ದ ಹಗ್ಗದ ನೆರಳು ಗೋಡೆಯ ಮೇಲೆ ತೂಗುತ್ತಿತ್ತು. ಹಾಡು ಕರಗಿತು. ಸೂಜಿ ಎತ್ತುವವರಿಲ್ಲದೆ ಒಳಗೆ ಜಾರಿ, ಚೀಟಿಯ ಅಂಚಿನ ಕೊನೆಯ ಸುತ್ತಿಗೆ ಬಿದ್ದು, ಅಲ್ಲೇ ತಿರುಗತೊಡಗಿತು.

"ಬಂದೆ, ಇರು."

ಗಂಡಸಿನ ದನಿ. ಅವಸರದ, ನಗುವಿನ ಅಂಚಿನಲ್ಲಿದ್ದ ದನಿ. ಎರಡು ಸೆಕೆಂಡೂ ಇಲ್ಲ, ಮತ್ತೆ ಅದೇ.

"ಬಂದೆ, ಇರು... ಬಂದೆ, ಇರು... ಬಂದೆ, ಇರು..."

ದರ್ಜಿ ತಲೆ ತಗ್ಗಿಸಿದ. ಮಹಿಳಾ ಪೇದೆ ಬರೆಯುವುದನ್ನು ನಿಲ್ಲಿಸಿದಳು. ಆ ಕೋಣೆಯಲ್ಲಿ ನಾಲ್ಕು ಗಂಟೆ ಹೊಡೆದು ಚಹಾ ಆರುತ್ತಿತ್ತು, ಯಾರೋ ಮಹಡಿ ಇಳಿಯುತ್ತಿದ್ದರು, ಇಳಿಯುತ್ತಲೇ ಇದ್ದರು. ಇನ್ಸ್‌ಪೆಕ್ಟರ್ ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿದರು. ಆಮೇಲೆ ಅದಕ್ಕೆ ಅವರಿಗೇ ನಾಚಿಕೆಯಾಯಿತು.

ಸೂಜಿ ಎತ್ತಿದ್ದು ಬ್ರಷ್ ಅಕ್ಕನೇ. "ಸಾಕು. ಹೆಚ್ಚು ಹಾಕಿದ್ರೆ ಸವೆಯುತ್ತೆ. ನಾನು ಭಾನುವಾರ ಮಾತ್ರ ಹಾಕೋದು, ಹತ್ತು ಸುತ್ತು."

"ಹನ್ನೊಂದು ವರ್ಷ," ಎಂದರು ದಂತವೈದ್ಯರು ತೊದಲುತ್ತಾ. "ಹನ್ನೊಂದು ವರ್ಷ ನನ್ನ ಹತ್ರ ಇತ್ತು. ನನ್ನ ಪ್ಲೇಯರು ಸೂಜಿ ಎತ್ತಿಬಿಡುತ್ತೆ. ನಾನು ಕೇಳೇ ಇಲ್ಲ."

"ಅವರು ಹೋಗಿ ಒಂಬತ್ತು ವರ್ಷ. 'ನನ್ನ ದನಿ ಮುನ್ನೂರು ಮನೇಲಿದೆ ಕಣೇ, ನಮ್ಮನೇಲಿ ಮಾತ್ರ ಇಲ್ಲ' ಅಂತ ತಮಾಷೆ ಮಾಡೋರು. ಎಲ್ಲೆಲ್ಲೋ ಹುಡುಕಿದೆ. ಕಂಡ ಕಡೆ ನನ್ನ ಕೈಗೆ ಎಟುಕಲಿಲ್ಲ. ಮರುಅಚ್ಚು ಬಂತು ಅಂದಾಗ ಓಡಿಹೋಗಿ ತಗೊಂಡೆ. ಅದರ ಕೊನೇಲಿ ಏನೂ ಇರ್ಲಿಲ್ಲ, ಬರೀ ಮೌನ. ಆಮೇಲೆ ಇವರದು ತೊಳೆಯೋಕೆ ಬಂತು."

"ಇವರನ್ನೇ ಕೇಳಬಹುದಿತ್ತಲ್ಲ?" ಎಂದರು ಇನ್ಸ್‌ಪೆಕ್ಟರ್.

"ಕೇಳಿದ್ನಲ್ಲ." ಆಕೆ ದಂತವೈದ್ಯರ ಕಡೆ ತಿರುಗಿದರು. ದನಿಯಲ್ಲಿ ಕೋಪವಿರಲಿಲ್ಲ. "ಕೊಡ್ತೀರಾ ಡಾಕ್ಟ್ರೇ, ಬೇಕಾದ್ರೆ ಬದಲಿಗೆ ಏನಾದ್ರೂ ತಗೊಳ್ಳಿ ಅಂದೆ. ಯಾಕೆ ಅಂತಾನೂ ಕೇಳದೆ ನಕ್ಕುಬಿಟ್ರಿ. 'ನಿನಗ್ಯಾಕಮ್ಮ ಇದು, ಮರುಅಚ್ಚು ತಗೋ, ಹಾಡು ಅದೇ ತಾನೆ' ಅಂದ್ರಿ."

ದಂತವೈದ್ಯರು ಕೈಯಲ್ಲಿದ್ದ ಕನ್ನಡಿಯನ್ನು ಮಗುಚಿ ಹಿಡಿದರು.

"ನೀವೇ ಎರಡೂ ಒಂದೇ ಅಂದಮೇಲೆ ಬದಲಾಯಿಸಿದ್ರೆ ನಿಮಗೇನು ನಷ್ಟ ಅಂದ್ಕೊಂಡೆ. ಹಂಗಂತ ತಪ್ಪು ತಪ್ಪೇ. ಅದು ನನಗೂ ಗೊತ್ತು."

ಮಹಿಳಾ ಪೇದೆ ತಡೆಯಲಾರದೆ ಕೇಳಿದಳು. "ಮೊಬೈಲಲ್ಲಿ ರೆಕಾರ್ಡ್ ಮಾಡ್ಕೊಂಡಿದ್ರೆ ಆಗ್ತಿತ್ತಲ್ಲಕ್ಕ?"

"ಮಾಡ್ಕೊಂಡಿದೀನಿ ಮಗಳೇ. ಮೊಬೈಲಲ್ಲಿ ಕೇಳಿದ್ರೆ ಅವರು ತೀರಿಕೊಂಡಿದಾರೆ ಅನ್ಸುತ್ತೆ. ಇದನ್ನ ಹಾಕಿದ್ರೆ ಇನ್ನೇನು ಬರ್ತಾರೆ ಅನ್ಸುತ್ತೆ. ಯಾಕೋ ನನಗೂ ಗೊತ್ತಿಲ್ಲ."

ದಂತವೈದ್ಯರು ಇನ್ಸ್‌ಪೆಕ್ಟರನ್ನು ಬಾಗಿಲಾಚೆ ಕರೆದರು. "ಕಂಪ್ಲೇಂಟ್ ವಾಪಸ್ ತಗೊಳ್ಳೋಕಾಗುತ್ತಾ?"

"ನನ್ನ ಕೈಲಿಲ್ಲ. ಕೋರ್ಟಲ್ಲಿ ಹೇಳಿ. ಪ್ಲೇಟು ನಿಮ್ಮ ಕೈಗೆ ವಾಪಸ್ ಬರೋದೂ ಅಲ್ಲಿಂದಾನೇ."

"ಬಂದಮೇಲೆ ಏನು ಮಾಡಬೇಕು ಅಂತ ನನಗೆ ಗೊತ್ತು," ಎಂದು ದಂತವೈದ್ಯರು ಕನ್ನಡಿಯನ್ನು ಜೇಬಿಗೆ ಹಾಕಿದರು.

4.40ಕ್ಕೆ ನಂಬಿಕೆ ದ್ರೋಹದ ಆರೋಪದಡಿ ಬ್ರಷ್ ಅಕ್ಕನನ್ನು ದಸ್ತಗಿರಿ ಮಾಡಲಾಯಿತು. ಮನೆಗೆ ಬೀಗ ಹಾಕುವಾಗ ಆಕೆ ಕೇಳಿದ್ದು ಒಂದೇ. "ಠಾಣೇಲಿ ಅದನ್ನ ಮಲಗಿಸಬೇಡಿ. ಬಾಗಿಬಿಡುತ್ತೆ."

ಠಾಣೆಯಲ್ಲಿ ಇನ್ಸ್‌ಪೆಕ್ಟರ್ ತಾವೇ ಪ್ಲೇಟನ್ನು ಒಳಕವರಿಗೆ ಹಾಕಿ, ಬಾಯಿ ಮೇಲಕ್ಕೆ ತಿರುಗಿಸಿ, ಹೊರಕವರಿಗೆ ಇಳಿಸಿದರು. ಬಿಸಿ ಅರಗು ತಾಗದಂತೆ ರಟ್ಟಿನ ಪೆಟ್ಟಿಗೆಗೆ ಮೊಹರು ಹಾಕಿಸಿದರು. ಜಪ್ತಿಯಾದ ಮುದ್ದೆಮಾಲಿನ ಚೀಟಿಯಲ್ಲಿ ರೈಟರ್ ಬರೆದದ್ದರ ಕೆಳಗೆ ತಮ್ಮ ಕೈಯಿಂದ ಸೇರಿಸಿದರು: ನೆಟ್ಟಗೆ ನಿಲ್ಲಿಸಿ ಇಡತಕ್ಕದ್ದು. ಬಿಸಿಲು ತಾಗಬಾರದು.

ಪ್ರಕರಣದ ದಿನಚರಿಯಲ್ಲಿ 'ಕೃತ್ಯದ ಉದ್ದೇಶ' ಎಂಬ ಖಾನೆ ಉಳಿದಿತ್ತು. ಇನ್ಸ್‌ಪೆಕ್ಟರ್ ಪೆನ್ನು ತೆಗೆದರು. ಬರೆದರು: ಆರೋಪಿಯು ಸದರಿ ಪ್ಲೇಟಿನಲ್ಲಿರುವ ತನ್ನ ದಿವಂಗತ ಗಂಡನ ದನಿಯನ್ನು ಕೇಳುವ ಸಲುವಾಗಿ.

ಫೋನು ಗುಂಯ್‌ಗುಟ್ಟಿತು. "ಚಹಾ ಇಟ್ಟಿದೀನಿ. ಬರ್ತೀರಾ, ಅಥವಾ ನಾನು ಕುಡಿದುಬಿಡ್ಲಾ?"

ಬಾಯಿಗೆ ಬಂದ 'ಬಂದೆ' ಎಂಬ ಮಾತನ್ನು ಇನ್ಸ್‌ಪೆಕ್ಟರ್ ನುಂಗಿಕೊಂಡರು. ಫೈಲು ಮುಚ್ಚಿ, ಫೋನನ್ನು ಕಿವಿಗೆ ಹಿಡಿದುಕೊಂಡೇ, ಠಾಣೆಯ ಮೆಟ್ಟಿಲಿಳಿದು ಮನೆಯ ಕಡೆ ನಡೆಯತೊಡಗಿದರು.