ಹೆಬ್ಬಾಗಿಲಿಗೆ ಕೂರಿಸಿದ ಕದ

"ಕದ ಮಾಡು, ಬೇಡ ಅನ್ನಲ್ಲ. ಆದ್ರೆ ಒಳಗೆ ನಿಂತು ಮುಚ್ಬೇಡ," ಎಂದ ಕೋಟೆ ತೋರಿಸುವ ಮುದುಕ.

ಬಡಗಿ ಹೆಂಗಸು ಉಳಿ ಮಸೆಯುತ್ತಲೇ ನಕ್ಕಳು. "ಮುಚ್ಚದೆ ಇರೋ ಕದಕ್ಕೆ ನಾನ್ಯಾಕೆ ತಾತ? ಒಂದು ಪರದೆ ಕಟ್ಟಿ ಸಾಕು."

ಕಡಲ ಅಂಚಿನ ಆ ಹಾಳು ಕೋಟೆಯ ಹೆಬ್ಬಾಗಿಲ ಕಮಾನು ಒಳಗಡೆ ಕುಸಿದು, ದಾರಿ ಕಲ್ಲುಗಳಿಂದ ಮುಚ್ಚಿಹೋಗಿತ್ತು. ನೋಡಲು ಬಂದವರ ತಲೆ ಮೇಲೆ ಕಲ್ಲು ಬೀಳದಿರಲೆಂದು ಅಲ್ಲಿಗೊಂದು ಕದ ಕೂರಿಸಲು ಅವಳನ್ನು ಕರೆಸಿದ್ದರು.

ಮುದುಕ ಬಿಡಲಿಲ್ಲ. ಹಿಂದೆ ಶತ್ರುಗಳು ಹಡಗಿನಿಂದ ಇಳಿದಾಗ ದಂಡನಾಯಕ ಊರವರನ್ನೆಲ್ಲ ಹೊರಗೆ ಬಿಟ್ಟು ಅಗುಳಿ ಹಾಕಿಸಿದನಂತೆ. ಜನ ದಿನವಿಡೀ ಕದ ಬಡಿದರು. ಅವರಲ್ಲೊಬ್ಬಳು ಮಾಟ ಬಲ್ಲವಳು. ಸತ್ತ ಮೊಮ್ಮಗಳ ಕೂದಲನ್ನು ಸುಟ್ಟು ಹೊಸ್ತಿಲಡಿ ಹೂತು, ಇಲ್ಲಿ ಕದ ಹಾಕಿದವರ ಕೂಗು ಯಾರ ಕಿವಿಗೂ ಬೀಳದಿರಲಿ ಎಂದು ಶಪಿಸಿ ಪ್ರಾಣ ಬಿಟ್ಟಳಂತೆ. ಶತ್ರುಗಳು ಹೋದ ಮೇಲೂ ಆ ಕದ ತೆರೆಯಲಿಲ್ಲ. ಒಳಗಿದ್ದವರು ಒಳಗೇ ಎಲುಬಾದರು.

"ನಾನು ಕೂಗಿದ್ರೆ ಕಡಲಾಚೆಯವರೂ ಎದ್ದು ಕೂರ್ತಾರೆ ಬಿಡಿ," ಎಂದಳು.

ನಡುಮಧ್ಯಾಹ್ನ ಕದ ಕೂತಿತು. ಕೆಲಸಕ್ಕೆ ಜೊತೆಗೆ ಬಂದಿದ್ದ ತಮ್ಮನನ್ನು ಹೊರಗೆ ನಿಲ್ಲಿಸಿ, ತಾನು ಒಳಗೆ ಹೋಗಿ ಕದ ಮುಚ್ಚಿ ಅಗುಳಿ ಹಾಕಿ ನೋಡಿದಳು. ಹಲಗೆಗಳ ನಡುವಿನ ಒಂದೆಳೆ ಬಿರುಕು ಬಿಟ್ಟರೆ ಎಲ್ಲ ಕಡೆ ಕತ್ತಲು. ಹಸಿ ಮರದ ಘಮದೊಳಗಿಂದ ಸುಟ್ಟ ಕೂದಲಿನ ಕಮಟು ಮೂಗಿಗೆ ಬಡಿಯಿತು. ಅಗುಳಿ ಎಳೆದಳು. ಅದು ಅಲುಗಲಿಲ್ಲ.

"ಲೋ, ಹೊರಗಿಂದ ತಳ್ಳೋ."

ಬಿರುಕಿನಲ್ಲಿ ತಮ್ಮ ಕಾಣುತ್ತಿದ್ದ. ಮೂರು ಮಾರು ದೂರ. ಬುತ್ತಿ ಬಿಚ್ಚಿ ಉಣ್ಣುತ್ತಿದ್ದ. ಮತ್ತೆ ಕೂಗಿದಳು. ಕದ ಬಡಿದಳು. ಅವನು ನೀರು ಕುಡಿದ, ಬಾಯಿ ಒರೆಸಿಕೊಂಡ. ಮೂರನೆಯ ಸಲ ಕೂಗಿದಾಗ ಅವಳ ದನಿ ಅವಳಿಗೇ ಕೇಳಲಿಲ್ಲ.

ಆಗ ಹೊರಗಿನಿಂದ ಬಡಿತ ಶುರುವಾಯಿತು.

ಒಂದು ಕೈಯಲ್ಲ. ನೂರು ಕೈ. ಅಂಗೈಗಳು, ಉಗುರುಗಳು, ಮಕ್ಕಳ ಪುಟ್ಟ ಮುಷ್ಟಿಗಳು. ಬಿರುಕಿನಲ್ಲಿ ತಮ್ಮನ ಹೊರತು ಯಾರೂ ಇರಲಿಲ್ಲ. ಕದ ನಡುಗಿತು. ಮೇಲಿಂದ ಮಣ್ಣು ಉದುರಿತು. "ತೆಗೀರಿ," ಎಂದಿತು ಒಂದು ಹೆಣ್ಣುದನಿ, ಕಿವಿಯ ಪಕ್ಕದಲ್ಲೇ.

ಅವಳಿಗೆ ರೇಗಿಹೋಯಿತು. ಬಾಗಿಲು ಮುಚ್ಚಿದವನು ಯಾವನೋ, ಉಸಿರು ಕಟ್ಟಿ ಸಾಯಬೇಕಾದವಳು ತಾನೇ? ಸೊಂಟದ ಬಾಚಿ ಕಿತ್ತಳು. ಹನ್ನೆರಡು ದಿನ ಬೆವರು ಸುರಿಸಿ ಮಾಡಿದ ಕದಕ್ಕೆ ಬೀಸಿದಳು. ಮತ್ತೆ ಬೀಸಿದಳು. ಹಲಗೆ ಸೀಳಿತು. ಬೆಳಕು ಬಿತ್ತು. ತಣ್ಣನೆಯ ಮೈಗಳು ಅವಳನ್ನು ಉಜ್ಜಿಕೊಂಡು ಒಳಗೆ ನುಗ್ಗಿದವು. ಒಂದು. ಹತ್ತು. ನೂರು. ಆಮೇಲೆ ಅಲೆಯ ಸದ್ದು ಮಾತ್ರ.

"ಅಕ್ಕಾ, ಚೆನ್ನಾಗಿದ್ದ ಕದಾನ ಯಾಕೆ ಒಡೆದೆ?" ತಮ್ಮ ಕೈಯಲ್ಲಿ ತುತ್ತು ಹಿಡಿದೇ ಓಡಿ ಬಂದ.

ಅವಳು ಬಾಯಿ ತೆರೆದಳು. ದನಿ ಹೊರಡಲಿಲ್ಲ. ಆ ದಿನ ಮಾತ್ರವಲ್ಲ, ಆಮೇಲೆ ಎಂದೂ ಹೊರಡಲಿಲ್ಲ.

ಹೊಸ ಕದ ಮಾಡಿಕೊಡಲು ಮತ್ತೆ ಹೇಳಿ ಕಳಿಸಿದರು. ಅವಳು ಆಗದೆಂದು ತಲೆಯಾಡಿಸಿ, ಕದದ ಬದಲು ತಮ್ಮನೊಂದಿಗೆ ಕಲ್ಲು ತೆರವು ಮಾಡಿ, ಕಮಾನಿನ ಉದ್ದಕ್ಕೂ ದಪ್ಪ ತೊಲೆಗಳ ಆಸರೆ ಕೊಟ್ಟಳು. ಈಗ ಅಲ್ಲಿ ಜನ ಸಲೀಸಾಗಿ ಓಡಾಡಬಹುದು.

ಕೊನೆಯ ತೊಲೆ ನಿಲ್ಲಿಸುವಾಗ ಮುದುಕ ಮೆಲ್ಲಗೆ ಹೇಳಿದ, "ಹೊಸ್ತಿಲಿಗೆ ಅಡ್ಡಬಿದ್ದು ತಪ್ಪಾಯ್ತು ಅನ್ಕೋ ಮಗಳೇ. ದನಿ ವಾಪಸ್ ಬಂದ್ರೂ ಬಂದೀತು."

ಅವಳು ಇದ್ದಿಲ ಚೂರು ತೆಗೆದುಕೊಂಡು ಹೊಸ್ತಿಲ ಕಲ್ಲಿನ ಮೇಲೇ ಬರೆದಳು: "ತೆರೆದವಳು ನಾನು. ಕ್ಷಮೆ ಶಾಪ ಹಾಕಿದವಳೇ ಕೇಳಲಿ."