ಕೋಸಿನ ಹಿತ್ತಲಿಗೆ ಬಂದ ಕೀಚುಗ

ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಕಿಟಕಿಗೆ ಬಂದ ಲೌರಿಗೆ ಮೊದಲು ಕಂಡದ್ದು ತನ್ನತ್ತಲೇ ನೆಟ್ಟಿದ್ದ ಒಂದು ಬೈನಾಕ್ಯುಲರ್. ಅದರ ಹಿಂದೆ, ಹಿತ್ತಲ ಕಲ್ಲುಗೋಡೆಗೆ ಮೊಣಕೈ ಊರಿ, ಓಸ್ಲಾ ನಿಂತಿದ್ದಳು.

ಓಸ್ಲಾ ನೀರಿನಾಚೆ ಯೆಲ್ ದ್ವೀಪದ ಶಾಲೆಯಲ್ಲಿ ಟೀಚರ್. ಲೌರಿಯ ದ್ವೀಪವಾದ ಫೆಟ್ಲರ್‌ನಲ್ಲಿ ಕುಣಿತದ ಸಂಜೆ ಇದ್ದಾಗಲೆಲ್ಲ ಫೆರಿ ದೋಣಿ ಹತ್ತಿ ಬರುತ್ತಿದ್ದಳು. ಲೌರಿ ಅವಳನ್ನು ದೂರದಿಂದ ಕಣ್ತುಂಬ ನೋಡಿ, ಇವತ್ತು ಮಾತಾಡಿಸಿಯೇ ಬಿಡುತ್ತೇನೆ ಎಂದುಕೊಂಡು, ಮಾತಾಡಿಸದೆ ಮನೆಗೆ ಮರಳುತ್ತಿದ್ದ. ಕುರಿಗಳ ಮುಂದೆ ಗಂಟೆಗಟ್ಟಲೆ ಹರಟುವ ಗಂಡಸಿಗೆ ಅವಳೆದುರು ಮಾತ್ರ ಬಾಯಿ ಕಟ್ಟಿಹೋಗುತ್ತಿತ್ತು. ಈಗ ಅವಳೇ ಬಂದು ತನ್ನನ್ನು ನೋಡುತ್ತಿದ್ದಾಳೆ! ಅವನು ತಲೆ ನೇವರಿಸಿಕೊಂಡು, ಹೊಟ್ಟೆ ಒಳಗೆಳೆದುಕೊಂಡು, ಆದಷ್ಟು ಚೆಂದವಾಗಿ ನಿಂತ.

"ರೀ, ಸ್ವಲ್ಪ ಪಕ್ಕಕ್ಕೆ ಹೋಗ್ತೀರಾ? ನೀವು ಅಲ್ಲೇ ಅಲ್ಲಾಡ್ತಾ ನಿಂತ್ರೆ ಅದು ಹಾರಿಹೋಗುತ್ತೆ!"

ಅದು ಎಂದರೆ ಕಿಟಕಿಯ ಕೆಳಗಿನ ಮುಳ್ಳುತಂತಿಯ ಮೇಲೆ ಕುಳಿತಿದ್ದ ಒಂದು ಕಂದು ಹಕ್ಕಿ. ಕಣ್ಣಿಗೆ ಅಡ್ಡಲಾಗಿ ಕಳ್ಳನ ಹಾಗೆ ಕಪ್ಪು ಪಟ್ಟಿ. ಲೌರಿ ಹೊಟ್ಟೆಯನ್ನು ಅದರ ಪಾಡಿಗೆ ಬಿಟ್ಟ.

"ಕಂದು ಕೀಚುಗ," ಎಂದಳು, ಅವನು ಹೊರಗೆ ಬಂದ ಮೇಲೆ. "ಸೈಬೀರಿಯಾದ್ದು. ಈ ಹೊತ್ತಿಗೆ ಇಂಡಿಯಾದಲ್ಲಿ ಯಾವುದೋ ಬೇಲಿ ಮೇಲೆ ಬಿಸಿಲು ಕಾಯಿಸ್ತಾ ಕೂತಿರಬೇಕಿತ್ತು. ದಾರಿ ತಪ್ಪಿ ನಿಮ್ಮ ಕೋಸಿನ ಹಿತ್ತಲಿಗೆ ಬಂದಿದೆ. ಎಷ್ಟೋ ಜನ ಇಡೀ ಜನ್ಮ ಕಾದರೂ ಇಲ್ಲಿ ನೋಡೋಕೆ ಸಿಗಲ್ಲ, ಗೊತ್ತಾ?"

"ಓಹೋ! ಈ ತಂತಿ ಮುಳ್ಳಿಗೆ ದುಂಬಿಗಳನ್ನ ಚುಚ್ಚಿಡ್ತಿರೋದು ಇದೇನಾ? ನಾನು ಪಕ್ಕದ ಮನೆಯ ನಮ್ಮ ಚಿಕ್ಕಮ್ಮನಿಗೆ ತಲೆ ಕೆಟ್ಟಿದೆ ಅಂದ್ಕೊಂಡಿದ್ದೆ."

ಓಸ್ಲಾ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ನಗುವಾಗ ಅವಳ ಎಡಗಣ್ಣು ಬಲಗಣ್ಣಿಗಿಂತ ಮೊದಲೇ ಮುಚ್ಚಿಕೊಳ್ಳುತ್ತಿತ್ತು. ಲೌರಿಗೆ ಅಷ್ಟು ಸಾಕಾಯಿತು.

ಅಕ್ಟೋಬರ್ ರಜೆ ಶುರುವಾಗಿತ್ತು. ಅವಳು ದಿನಾ ಬೆಳಗಿನ ಫೆರಿಗೆ ಬಂದಳು. ಬೇರೆ ಊರಿನ ಹಕ್ಕಿ ಹುಚ್ಚರೂ ಬಂದರು. ಗೋಡೆಯ ಹೊರಗೇ ನಿಲ್ಲಬೇಕು, ಕೋಸು ತುಳಿಯಬಾರದು ಎಂದು ಅವರಿಗೆಲ್ಲ ಓಸ್ಲಾಳೇ ಗದರಿದಳು. ಅವರು ನೋಡಿಕೊಂಡು ಹೋದ ಮೇಲೂ ಅವಳು ಉಳಿಯುತ್ತಿದ್ದಳು. ಲೌರಿ ಟೀ ತರುತ್ತಿದ್ದ, ಬೆಣ್ಣೆ ಹಚ್ಚಿದ ಬ್ಯಾನಕ್ ರೊಟ್ಟಿ ತರುತ್ತಿದ್ದ. ಬೈನಾಕ್ಯುಲರ್ ಕೈ ಬದಲಾಗುವಾಗ ಬೆರಳಿಗೆ ಬೆರಳು ತಾಗಿದರೆ ಇಬ್ಬರೂ ಭಾರೀ ಗಮನದಿಂದ ಹಕ್ಕಿಯನ್ನೇ ನೋಡುತ್ತಿದ್ದರು.

"ಅವಳು ಬರೋದು ಹಕ್ಕಿಗೋ, ನಿನಗೋ?" ಪಕ್ಕದ ಮನೆಯ ಬಾಬಿ ಚಿಕ್ಕಮ್ಮ ಅಡುಗೆಮನೆ ಕಿಟಕಿಯಿಂದ ಕೇಳಿಯೇ ಬಿಟ್ಟಳು.

"ಹಕ್ಕಿಗೆ, ಚಿಕ್ಕಮ್ಮ."

"ಹಾಗಾದ್ರೆ ಹಕ್ಕಿ ಹೋಗೋದರೊಳಗೆ ಬಾಯಿ ಬಿಡೋ, ಪೆದ್ದ!"

ಆ ಮಾತು ಅವನ ಎದೆಯಲ್ಲಿ ನಾಟಿತು. ಹಕ್ಕಿ ಹೋದರೆ ಅವಳೂ ಬರುವುದಿಲ್ಲ. ಮೋಡ ಕವಿದ ದಿನ ಅವನಿಗೆ ಸಮಾಧಾನ. ಆಕಾಶ ತಿಳಿಯಾಗಿ ಬಡಗಣ ಗಾಳಿ ಬೀಸಿದರೆ ಇಂಥ ಹಕ್ಕಿಗಳು ಹೊರಟುಬಿಡುತ್ತವೆ ಎಂದು ಅವಳೇ ಹೇಳಿದ್ದಳು. ಹವಾಮಾನ ವರದಿಯನ್ನು ಅವನು ತನ್ನ ಕುರಿಗಳಿಗೋಸ್ಕರವೂ ಅಷ್ಟು ಶ್ರದ್ಧೆಯಿಂದ ಕೇಳಿದವನಲ್ಲ.

ಹಕ್ಕಿ ಹುಚ್ಚರ ಫೋನ್ ಗ್ರೂಪ್‌ಗೆ ಓಸ್ಲಾ ಅವನನ್ನೂ ಸೇರಿಸಿದ್ದಳು. ಅಲ್ಲಿ ಒಂದೇ ಕಟ್ಟುನಿಟ್ಟಿನ ನಿಯಮ: ಹಕ್ಕಿ ಹೋದರೆ ಒಡನೆ ತಿಳಿಸಬೇಕು. ದೂರದಿಂದ ಹೊರಟವರು ಬರಿದೇ ಅಲೆಯಬಾರದಲ್ಲ. ಮುಚ್ಚಿಟ್ಟವರ ಮುಖ ಆಮೇಲೆ ಯಾರೂ ನೋಡುವುದಿಲ್ಲ.

ಒಂದು ಸಂಜೆ ಮೋಡ ಹರಿಯಿತು. ಮರುದಿನ ಬೆಳಕು ಹರಿಯುತ್ತಲೇ ಲೌರಿ ಹಿತ್ತಲಿಗೆ ಓಡಿದ. ತಂತಿ ಖಾಲಿ. ಗೋಡೆ ಸುತ್ತಿದ, ಕೋಸಿನ ಸಾಲುಗಳನ್ನೆಲ್ಲ ಜಾಲಾಡಿದ. ಇಲ್ಲ. ಫೋನ್ ತೆಗೆದ. ಸುದ್ದಿ ಹಾಕಿದರೆ ಅವಳು ಫೆರಿ ಹತ್ತುವುದಿಲ್ಲ. ಫೋನನ್ನು ಜೇಬಿಗೆ ಹಾಕಿಕೊಂಡ. ತಪ್ಪೆಂದು ಗೊತ್ತಿತ್ತು, ಗೊತ್ತಿದ್ದೇ ಮಾಡಿದ.

ಓಸ್ಲಾ ಬಂದಳು. ಗಾಳಿಗೆ ಕೆನ್ನೆ ಕೆಂಪಾಗಿತ್ತು.

"ಕಾಣಿಸ್ತಾ?" ಎಂದಳು.

"ಇನ್ನೂ ಇಲ್ಲ."

"ಇಲ್ಲೇ ಎಲ್ಲೋ ಇರುತ್ತೆ. ಕಾಯೋಣ." ಅವಳು ಬೈನಾಕ್ಯುಲರ್ ಎತ್ತಿ ಕೋಸಿನ ಗಿಡಗಳನ್ನು ನೋಡತೊಡಗಿದಳು. ಲೌರಿ ಅವಳ ಪಕ್ಕ ನಿಂತ. ಅವಳು ಇದ್ದಾಳೆಂಬ ಸುಖ ಒಂದು ಕಡೆ, ಮೋಸ ಮಾಡುತ್ತಿದ್ದೇನೆಂಬ ಸಂಕಟ ಇನ್ನೊಂದು ಕಡೆ.

ಇಬ್ಬರ ಜೇಬಿನಲ್ಲೂ ಫೋನ್ ಒಟ್ಟಿಗೆ ಸದ್ದು ಮಾಡಿತು. ಯಾರೋ ಕೇಳಿದ್ದರು: ಅಬರ್ಡೀನ್ ಏರ್‌ಪೋರ್ಟಲ್ಲಿದ್ದೀನಿ. ಹಕ್ಕಿ ಇದ್ರೆ ಟಿಕೆಟ್ ತಗೋತೀನಿ. ಬೇಗ ಹೇಳಿ.

ಓಸ್ಲಾ ಉತ್ತರ ಬರೆಯಲಿಲ್ಲ. ಲೌರಿಗೆ ಇನ್ನು ತಡೆಯಲಾಗಲಿಲ್ಲ.

"ಬರಬೇಡಿ ಅಂತ ಹೇಳಿ ಅವರಿಗೆ. ಹಕ್ಕಿ ಹೋಗಿದೆ. ಬೆಳಗ್ಗೆನೇ ನೋಡಿದೆ, ಬೇಕಂತಲೇ ಹೇಳಲಿಲ್ಲ."

"ಯಾಕೆ?"

"ಹೇಳಿದ್ರೆ ನೀವು ಬರ್ತಿರಲಿಲ್ಲ." ಅವನು ಕಲ್ಲುಗೋಡೆಗೆ ಹೇಳುವವನಂತೆ ಹೇಳಿದ. "ನೀವಿಲ್ಲದ ದಿನ ನನಗೆ ದಿನ ಅನ್ನಿಸಲ್ಲ, ಓಸ್ಲಾ. ಈಗ ಬೈಕೊಳ್ಳಿ."

ತಿರುಗಿ ನೋಡಿದರೆ ಅವಳ ಕೆನ್ನೆಯ ಕೆಂಪು ಕಿವಿಯವರೆಗೂ ಹಬ್ಬಿತ್ತು.

"ನಿನ್ನೆ ಸಂಜೆ ನೀನು ಕುರಿ ನೋಡೋಕೆ ಗುಡ್ಡಕ್ಕೆ ಹೋಗಿದ್ದಾಗ," ಎಂದಳು ಮೆಲ್ಲಗೆ, "ಅದು ನನ್ನ ಕಣ್ಣೆದುರೇ ಎದ್ದು, ಮನೆ ಮೇಲೆ ಒಂದು ಸುತ್ತು ಹಾಕಿ, ದಕ್ಷಿಣದ ಕಡೆ ಹೋಗಿಬಿಡ್ತು."

"ನಿನ್ನೆನೇ? ಗ್ರೂಪಲ್ಲಿ ಹಾಕಲಿಲ್ವಾ?"

"ಹಾಕಿದ್ರೆ ಇವತ್ತು ಬರೋಕೆ ನನಗೇನು ನೆಪ ಇರ್ತಿತ್ತು? ಇಷ್ಟು ವರ್ಷ ಹಕ್ಕಿ ನೋಡ್ತಿದ್ದೀನಿ. ಇಂಥ ಕಳ್ಳತನ ಇದೇ ಮೊದಲು."

ಲೌರಿಯ ಎದೆಯ ಮೇಲಿನ ಬಂಡೆ ಉರುಳಿಹೋಯಿತು. ಅವನು ನಗಲು ಶುರುಮಾಡಿದವನು ನಿಲ್ಲಿಸಲಾಗದೆ ಗೋಡೆ ಹಿಡಿದುಕೊಂಡ. ಅವಳೂ ನಗುತ್ತಲೇ ಫೋನ್ ತೆಗೆದು ಟೈಪ್ ಮಾಡಿದಳು: ನಿನ್ನೆ ಸಂಜೆಯೇ ಹೋಯಿತು. ತಪ್ಪು ನನ್ನದು, ಕ್ಷಮಿಸಿ.

"ನಮ್ಮಿಬ್ಬರದು ಅಂತ ಹಾಕು," ಎಂದ ಲೌರಿ. ಅವಳು ತಿದ್ದಿ ಕಳಿಸಿದಳು. ಫೋನ್ ಸಿಟ್ಟಿನಿಂದ ಗುಯ್‌ಗುಡತೊಡಗಿತು. ಓಸ್ಲಾ ಅದನ್ನು ಆರಿಸಿ, ಬೈನಾಕ್ಯುಲರ್ ತೆಗೆದು ಗೋಡೆಯ ಮೇಲಿಟ್ಟು, ಅವನ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ನೋಡಲು ಹಿತ್ತಲಲ್ಲಿ ಈಗ ಬೇರೇನೂ ಇರಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

ಪಕ್ಕದ ಮನೆಯ ಕಿಟಕಿ ತೆರೆಯಿತು.

"ಏನೋ ಲೌರಿ, ಹಕ್ಕಿ ಹೋಯ್ತಂತೆ?"

"ಹೋಯ್ತು, ಚಿಕ್ಕಮ್ಮ!"

"ಅಯ್ಯೋ! ಮತ್ತೆ ಆ ಹುಡುಗಿ?"

ಲೌರಿ ಬಾಯಿ ತೆರೆಯುವ ಮೊದಲೇ ಓಸ್ಲಾ ಕೂಗಿದಳು:

"ಇಲ್ಲೇ ಇದ್ದೀನಿ, ಚಿಕ್ಕಮ್ಮ!"